ಓಲೆಗರಿ ಜಗಲಿಯಿಂದ ಇಳಿದದ್ದು ಹೇಗೆ?

ಮಾನ್ಯರೆ,

ವೈಚಾರಿಕತೆ ಕುರಿತು ನಿಮ್ಮ ಪತ್ರಿಕೆಯಲ್ಲಿ ಕಳೆದ ವಾರ ಬಂದ ಲೇಖನ ಓದಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಗೆ ವಿಚಾರ ಬಂದದ್ದು ಇಂಗ್ಲಿಷ್ ಶಾಲೆಯಿಂದ, ಮಠಗಳು, ಧರ್ಮಾಭಿಮಾನಿಗಳು ಮಾಡಿದ್ದೆಲ್ಲ ಜನರನ್ನು ಹಿಂದಕ್ಕೆ ಜಗ್ಗುವ ಕೆಲಸ ಎಂಬುದು ಅದರ ಸಾರ. ಪರೀಕ್ಷೆಗೆ ಬಾಯಿಪಾಠ ಮಾಡಲು ಅನುಕೂಲವಾದ ಮಾತು. ಆದರೆ ನಡೆದದ್ದು ಹಾಗಲ್ಲ.

ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂತು. ಪಾದ್ರಿಗಳು ಸಂತೆ, ಜಾತ್ರೆಗಳಲ್ಲಿ ನಿಂತು ಮೂರ್ತಿಪೂಜೆಯನ್ನು ಹಳಿದರು, ಶಾಲೆಗಳನ್ನೂ ತೆರೆದರು. ಅಷ್ಟೇ ಅಲ್ಲ, ನಮ್ಮ ಪುರಾಣಗಳನ್ನು ಕುಂತು ಓದಿದರು. ವ್ಯೂರ್ಟ್ ಎಂಬ ಪಾದ್ರಿ ಬಸವಪುರಾಣ, ಚನ್ನಬಸವಪುರಾಣಗಳನ್ನು 1860ರ ದಶಕದಲ್ಲೇ ಇಂಗ್ಲಿಷಿಗೆ ತಂದಿದ್ದರು. ಇಂಥವರಿಗೆ ಎದುರು ಮಾತಾಡಬೇಕಾದರೆ ನಮ್ಮವರೂ ತಮ್ಮ ಗ್ರಂಥ ಬಿಚ್ಚಲೇಬೇಕಿತ್ತು. ಬಿಚ್ಚುವುದೇ ಕಷ್ಟವಿತ್ತು.

ನಮ್ಮ ಹಳ್ಳಿಮನೆಯ ದೇವರ ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. ಶ್ರಾವಣ ಸೋಮವಾರ ನಮ್ಮ ದೊಡ್ಡವ್ವ ಅದಕ್ಕೆ ವಿಭೂತಿ ಬಳಿದು ಪತ್ರಿ ಏರಿಸುತ್ತಿದ್ದಳು. "ಒಳಗ ಏನ್ ಬರದಾರ ದೊಡ್ಡವ್ವಾ?" ಅಂದರೆ, "ಶರಣರ ಮಾತದಾವು, ಸುಮ್ಮನ ಕೈ ಮುಗಿ" ಅನ್ನುತ್ತಿದ್ದಳು. ತಲೆಮಾರುಗಳಿಂದ ಯಾರೂ ಓದಿರಲಿಲ್ಲ.

ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಮಾಡಿದ್ದು ಇಂಥ ಕಟ್ಟುಗಳನ್ನು ಜಗಲಿಯಿಂದ ಇಳಿಸುವ ಕೆಲಸ. ರಬಕವಿಯ ಮನೆಯೊಂದರಲ್ಲಿ ವಚನದ ಓಲೆಗರಿ ಕಂಡ ಮೇಲೆ ಊರೂರು ತಿರುಗಿದರು. ವೃತ್ತಿಯಿಂದ ವಕೀಲರು, ಕಾಗದಪತ್ರ ನೋಡದೆ ಯಾವ ಮಾತನ್ನೂ ಒಪ್ಪುವ ಜನವಲ್ಲ. ಪ್ರತಿಗೆ ಪ್ರತಿ ಹಚ್ಚಿ ನೋಡಿ, ವಿಷಯವಾರು ವಿಂಗಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಮುಂದೆ ಮನೆ ಮಾರಿ ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಹಾಕಿದರು. ಲೇಖಕರು ಇದನ್ನು ಯಾವ ಖಾನೆಗೆ ಹಾಕುತ್ತಾರೆ? ಧರ್ಮಾಭಿಮಾನವೋ, ವೈಚಾರಿಕತೆಯೋ? ಪೂಜೆಗೊಳ್ಳುತ್ತಿದ್ದದ್ದು ಓದಿಗೆ ಸಿಕ್ಕ ಮೇಲೆ, ಅದೇ ವಚನ ಹಿಡಿದು ಮಠದವರನ್ನೇ ಪ್ರಶ್ನೆ ಕೇಳಲು ಜನರಿಗೆ ಬಂತು.

ಇನ್ನು ಹಾನಗಲ್ಲ ಮಠದ ಕುಮಾರಸ್ವಾಮಿಗಳು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕೂಡಿಸಿದವರು, ಪಕ್ಕಾ ಸಂಪ್ರದಾಯಸ್ಥರು. ಆ ಚಳವಳಿ ಜಾತಿಯ ಬೇಲಿ ಕಿತ್ತಿತೆಂದು ನಾನು ಹೇಳುವುದಿಲ್ಲ, ಕೀಳಲಿಲ್ಲ. ಆದರೆ ಕುರುಡುತನ ಹಿಂದಿನ ಜನ್ಮದ ಕರ್ಮವೆಂದು ಊರು ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಹಾನಗಲ್ಲ ತಾಲ್ಲೂಕಿನ ಅಂಧ ಹುಡುಗನೊಬ್ಬನ ದನಿ ಕೇಳಿ, ಕರೆತಂದು, ಸಂಗೀತ ಕಲಿಕೆಗೆ ಏರ್ಪಾಡು ಮಾಡಿದವರು ಅವರೇ. ಆ ಹುಡುಗನೇ ಮುಂದೆ ಹೆಸರಾಂತ ಗಾಯಕರಾದ ಪಂಚಾಕ್ಷರಿ ಗವಾಯಿ. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇವತ್ತೂ ಅಂಧ ಮಕ್ಕಳು ಉಂಡು, ಹಾರ್ಮೋನಿಯಂ, ತಬಲಾ ಕಲಿಯುತ್ತಾರೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೂ ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಕೊಡಲು ಆಗಿಲ್ಲ.

ಓಲೆಗರಿ ಓದುವುದು ನಿರಪಾಯದ ಕೆಲಸವೆಂದೂ ಯಾರೂ ತಿಳಿಯಬೇಕಿಲ್ಲ. ಹಳಕಟ್ಟಿಯವರ ದಾರಿಯಲ್ಲೇ ನಡೆದು ಸಮಗ್ರ ವಚನ ಸಂಪುಟಗಳ ಸಂಪಾದನೆಗೆ ದುಡಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು.

ಗದಗ, ಹಾವೇರಿ ಜಿಲ್ಲೆಗಳ ಮನೆಗಳಲ್ಲಿ, ಸಣ್ಣಪುಟ್ಟ ಮಠಗಳಲ್ಲಿ ಇಂಥ ಕಟ್ಟುಗಳು ಇನ್ನೂ ಇರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಹಸ್ತಪ್ರತಿ ಸಂಗ್ರಹವಿದೆ. ಅಲ್ಲಿಯವರು ಹಳ್ಳಿಗಳಿಗೆ ಬಂದು ಒಂದು ಸುತ್ತು ಹುಡುಕಲಿ. ಕೊಡಲು ಮನಸ್ಸಿಲ್ಲದವರು ಗರಿಗಳ ಫೋಟೊ ತೆಗೆಯಲಿಕ್ಕಾದರೂ ಬಿಡಲಿ. ಅಲ್ಲಿಯವರೆಗೆ ದಯವಿಟ್ಟು ಗರಿಯ ಮೇಲೆ ವಿಭೂತಿ, ಕುಂಕುಮ ಹಚ್ಚಬೇಡಿ. ಕೊರೆದ ಅಕ್ಷರದೊಳಗೆ ಕೂತು ಓದಲು ಬಾರದಂತೆ ಮಾಡುತ್ತದೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಬೆಟಗೇರಿ