ತಂಗಿಗೆ ಚಾಪೆಲ್ ಹಿಲ್‌ನಿಂದ: ಡೊರಾನ್ಸ್ ಅವರ ಪ್ರಾಕ್ಟೀಸು ಮತ್ತು ನಿನ್ನ ಹೊಸ ತಂಡ

ಚಾಪೆಲ್ ಹಿಲ್, ನಾರ್ತ್ ಕ್ಯಾರೊಲಿನಾ
21 ಸೆಪ್ಟೆಂಬರ್ 2025

ಪ್ರೀತಿಯ ಪುಟ್ಟಿ,

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಕಾಲೇಜಿನಲ್ಲಿ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟುವ ಕೆಲಸ ನಿನ್ನ ಹೆಗಲಿಗೇ ಬಿತ್ತಲ್ಲ, ತುಂಬಾ ಖುಷಿಯಾಯಿತು. ಇಲ್ಲಿನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಆಗಿದ್ದ ಆನ್ಸನ್ ಡೊರಾನ್ಸ್ ಅಷ್ಟು ವರ್ಷ ಹೇಗೆ ಗೆದ್ದರು ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನು ಮೈದಾನಕ್ಕೆ ಒಯ್ಯುವ ನೋಟ್‌ಬುಕ್ಕಿನಲ್ಲೇ ಇಟ್ಟುಕೋ.

ಅವರು 1951ರಲ್ಲಿ ಹುಟ್ಟಿದ್ದು ನಮ್ಮ ಮುಂಬೈಯಲ್ಲಿ, ಆಗಿನ ಬಾಂಬೆಯಲ್ಲಿ. ತಂದೆಗೆ ತೈಲ ಕಂಪನಿಯಲ್ಲಿ ಕೆಲಸ. ವರ್ಗವಾದಲ್ಲೆಲ್ಲ ಸಂಸಾರವೂ ಹೋಯಿತು: ಕೀನ್ಯಾ, ಇಥಿಯೋಪಿಯ, ಸಿಂಗಪುರ, ಬೆಲ್ಜಿಯಂ. ಕಾಲೇಜಿಗೆ ಬಂದದ್ದು ಇಲ್ಲಿಗೆ, ಓದಿದ್ದು ಇಂಗ್ಲಿಷ್ ಮತ್ತು ತತ್ವಶಾಸ್ತ್ರ. ಇದೇ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, 1977ರಲ್ಲಿ ಅದರ ಪುರುಷರ ತಂಡಕ್ಕೆ ಕೋಚ್ ಆದರು. ಎರಡು ವರ್ಷದ ಮೇಲೆ ಇಲ್ಲಿನ ಹೆಣ್ಣುಮಕ್ಕಳ ಕ್ಲಬ್ ತಂಡದವರು ತಮ್ಮನ್ನೂ ವಿಶ್ವವಿದ್ಯಾಲಯದ ಅಧಿಕೃತ ತಂಡವಾಗಿ ಮಾಡಿ ಎಂದು ಕೇಳಿದರು. ಕ್ರೀಡಾ ನಿರ್ದೇಶಕರಾಗಿದ್ದ ಬಿಲ್ ಕೋಬಿ ಆ ಹುಡುಗಿಯರ ಆಟ ನೋಡಿ ಬರಲು ಡೊರಾನ್ಸ್ ಅವರನ್ನೇ ಕಳಿಸಿದರು, ಆಮೇಲೆ ಆ ತಂಡವನ್ನೂ ಅವರ ಕೈಗೇ ಒಪ್ಪಿಸಿದರು. 1988ರವರೆಗೆ ಎರಡೂ ತಂಡಗಳನ್ನು ಒಬ್ಬರೇ ನಡೆಸಿದರು.

1981ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು. 1982ರಿಂದ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಟೂರ್ನಿ ಶುರುವಾಯಿತು, 2012ರ ಹೊತ್ತಿಗೆ ಅದರಲ್ಲಿ 21 ಸಲ ಗೆದ್ದರು. 1986ರಿಂದ 1994ರವರೆಗೆ ಸತತ ಒಂಬತ್ತು ವರ್ಷ ಇವರದೇ. ಅದೇ ಅವಧಿಯಲ್ಲಿ ಅಮೆರಿಕದ ರಾಷ್ಟ್ರೀಯ ಮಹಿಳಾ ತಂಡಕ್ಕೂ ಕೋಚ್ ಆಗಿದ್ದು, 1991ರಲ್ಲಿ ಚೀನಾದಲ್ಲಿ ನಡೆದ ಮೊಟ್ಟಮೊದಲ ಮಹಿಳಾ ವಿಶ್ವಕಪ್ ಗೆಲ್ಲಿಸಿದರು. ಫೈನಲ್ ಗ್ವಾಂಗ್‌ಝೌನಲ್ಲಿ, ನಾರ್ವೆ ವಿರುದ್ಧ 2–1. ಆ ತಂಡದ ನಾಯಕಿ ಏಪ್ರಿಲ್ ಹೈನ್ರಿಕ್ಸ್, ಜೊತೆಗೆ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಎಲ್ಲರೂ ಇದೇ ಚಾಪೆಲ್ ಹಿಲ್ ಮೈದಾನದಲ್ಲಿ ಬೆಳೆದವರು. 2024ರ ಆಗಸ್ಟಿನಲ್ಲಿ, ಇನ್ನೇನು ಸೀಸನ್ ಶುರು ಅನ್ನುವಾಗ ನಿವೃತ್ತರಾದರು. ಸಹಾಯಕರಾಗಿದ್ದ ಡೇಮನ್ ನಹಾಸ್ ತಂಡ ವಹಿಸಿಕೊಂಡು ಅದೇ ಡಿಸೆಂಬರಿನಲ್ಲಿ ಕಪ್ ಗೆದ್ದರು. ಕೋಚ್ ಹೋದಮೇಲೂ ಪದ್ಧತಿ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮೊದಲ ವರ್ಷಗಳಲ್ಲಿ ಎದುರಾಳಿಗಳು ಕಡಿಮೆ. 1982ರ ಟೂರ್ನಿಯಲ್ಲಿ ಇದ್ದದ್ದು 12 ತಂಡ, ಈಗ 64. ಶಿಕ್ಷಣದಲ್ಲಿ ಲಿಂಗಭೇದ ಕೂಡದು ಎಂಬ 1972ರ ‘ಟೈಟಲ್ ನೈನ್’ ಕಾನೂನಿನಿಂದ ಕಾಲೇಜುಗಳು ಹೆಣ್ಣುಮಕ್ಕಳ ತಂಡ ಕಟ್ಟಲೇಬೇಕಾಯಿತು, ಆದರೆ ಬಹಳ ಕಡೆ ಅದು ನಿಧಾನವಾಗಿ ಆಯಿತು. ಇಲ್ಲಿ ಬೇಗ ಆಯಿತು. ಹಾಗೆಂದು ಗೆಲುವೆಲ್ಲ ಅದರಿಂದಲೇ ಎನ್ನಲಾಗದು, ಮೊದಲೇ ಶುರುಮಾಡಿದ ಬೇರೆಯವರೂ ಇದ್ದರು. ವ್ಯತ್ಯಾಸ ಇದ್ದದ್ದು ಪ್ರಾಕ್ಟೀಸಿನಲ್ಲಿ. ನಿನಗೆ ಬೇಕಾದದ್ದೂ ಅದೇ.

ಇಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್, ಮೈಕಲ್ ಜೋರ್ಡನ್‌ಗೆ ಕಲಿಸಿದವರು, ತಮ್ಮ ಪ್ರಾಕ್ಟೀಸಿನಲ್ಲಿ ಪ್ರತಿ ಹೊಡೆತವನ್ನೂ ಬರೆಸಿಡುತ್ತಿದ್ದರು. ಅದನ್ನು ನೋಡಿ ಡೊರಾನ್ಸ್ ತಮ್ಮ ತಂಡಕ್ಕೆ ಅಳವಡಿಸಿದರು. ಒಬ್ಬಳಿಗೊಬ್ಬಳು ಎದುರಾಗಿ ಆಡುವುದು, ನಾಲ್ಕು-ನಾಲ್ಕು ಜನರ ಆಟ, ಗೋಲಿಗೆ ಹೊಡೆಯುವುದು, ಚೆಂಡನ್ನು ತಲೆಯಿಂದ ಹೊಡೆಯುವುದು, ವೇಗ, ದಮ್ಮು: ಎಲ್ಲಕ್ಕೂ ಅಂಕ. ಮೈದಾನದ ಅಂಚಿನಲ್ಲಿ ಮ್ಯಾನೇಜರ್ ಹುಡುಗಿಯರು ನಿಂತು ಬರೆಯುತ್ತಾರೆ, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಇದಕ್ಕೆ ಅವರು ‘ಪೈಪೋಟಿಯ ಕೊಪ್ಪರಿಗೆ’ ಎಂಬರ್ಥದ ಹೆಸರಿಟ್ಟಿದ್ದಾರೆ. ಗೆಳತಿಯ ವಿರುದ್ಧ ಪೂರ್ತಿ ಜೋರಿನಿಂದ ಆಡಲು ಹುಡುಗಿಯರು ಹಿಂಜರಿಯುತ್ತಾರೆ, ಗೆಲ್ಲಬೇಕೆಂಬ ಆಸೆ ತೋರಿಸುವುದೇ ತಪ್ಪು ಎಂದುಕೊಂಡಿರುತ್ತಾರೆ ಎಂದು ಅವರಿಗೆ ಕಂಡಿತ್ತು. ಎಲ್ಲವನ್ನೂ ಎಣಿಸತೊಡಗಿದರೆ ಗೆಲ್ಲುವುದು ದಿನದ ಪಾಠವಾಗಿಬಿಡುತ್ತದೆ, ಅದರಲ್ಲಿ ಸಂಕೋಚಕ್ಕೆ ಜಾಗವಿಲ್ಲ. ನಮ್ಮ ಕಡೆ ಈ ಹಿಂಜರಿಕೆ ಇನ್ನೂ ಹೆಚ್ಚು, ಆದ್ದರಿಂದ ಉಪಯೋಗವೂ ಹೆಚ್ಚು ಎಂದು ನನ್ನ ಅಂದಾಜು.

ಅವರ ಹಾಗೆ ಇಪ್ಪತ್ತು ಬಗೆ ಎಣಿಸಲು ಹೋಗಬೇಡ. ಬರೆಯುವವರು ಸಾಲುವುದಿಲ್ಲ, ಎರಡನೇ ವಾರಕ್ಕೇ ಪಟ್ಟಿ ನಿಂತುಹೋಗುತ್ತದೆ. ಒಂದರಿಂದ ಶುರುಮಾಡು: ಒಬ್ಬಳಿಗೊಬ್ಬಳು. 12 ಹುಡುಗಿಯರಿದ್ದರೆ 15 ಮೀಟರ್ ಉದ್ದ, 10 ಮೀಟರ್ ಅಗಲದ ಆರು ಅಂಕಣ ಗುರುತು ಮಾಡು. ಎರಡೂ ತುದಿಯಲ್ಲಿ ಎರಡು ಮೀಟರ್ ಅಂತರದ ಕೋನ್‌ಗಳೇ ಗೋಲು. ಕೋನ್ ಇಲ್ಲದಿದ್ದರೆ ಚಪ್ಪಲಿಯೋ ನೀರಿನ ಬಾಟಲಿಯೋ ಸಾಕು. ಒಂದು ನಿಮಿಷ ಆಟ, ಎರಡು ನಿಮಿಷ ಬಿಡುವು. ಎಲ್ಲರೂ ಎಲ್ಲರನ್ನೂ ಎದುರಿಸಲು 11 ಸುತ್ತು ಬೇಕು, ಒಟ್ಟು 66 ಪಂದ್ಯ. ಒಂದೇ ದಿನ ಮುಗಿಸಿದರೆ 33 ನಿಮಿಷ ಹಿಡಿಯುತ್ತದೆ, ಆದರೆ ಕೊನೆಯ ಸುತ್ತುಗಳಲ್ಲಿ ಕಾಲು ಸೋತು ಬರೀ ತಳ್ಳಾಟವಾಗುತ್ತದೆ. ಮಂಗಳವಾರ ಆರು ಸುತ್ತು, ಗುರುವಾರ ಐದು ಮಾಡು. ಗೆದ್ದರೆ 3, ಸಮವಾದರೆ 1. ಬಿಡುವಿನ ಎರಡು ನಿಮಿಷದಲ್ಲೇ ಅಂಕ ಕೂಗಿಸಿ ಬರೆದುಕೋ. ಕೊನೆಗೆ ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ, ಜಗಳ ಹುಟ್ಟುವುದು ಅಲ್ಲೇ. ಗಾಯದಿಂದ ಕೂತವಳು ಅಂಕ ಬರೆಯಲಿ, ತಂಡದ ಒಳಗೇ ಇದ್ದ ಹಾಗಾಗುತ್ತದೆ.

ತಿಂಗಳಾದ ಮೇಲೆ ನಾಲ್ಕು-ನಾಲ್ಕರ ಆಟ ಸೇರಿಸು. ತಂಡಗಳನ್ನು ಪ್ರತಿ ಸಲ ಬದಲಿಸಿ, ಗೆದ್ದ ತಂಡದ ಪ್ರತಿಯೊಬ್ಬಳಿಗೂ ಅಂಕ ಕೊಡು. ಡ್ರಿಬಲ್, ಅಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಯನ್ನು ದಾಟುವುದು, ಬಾರದಿದ್ದರೂ ಯಾರು ಸೇರಿದ ತಂಡ ಮತ್ತೆ ಮತ್ತೆ ಗೆಲ್ಲುತ್ತದೆ ಎಂಬುದು ಆಗ ಹೊರಬೀಳುತ್ತದೆ. ಒಳ್ಳೆಯ ಸ್ಥಾನ ಹಿಡಿಯುವ, ಸರಿಯಾದ ಹೊತ್ತಿಗೆ ಪಾಸ್ ಕೊಡುವ ಹುಡುಗಿ ಬರಿಗಣ್ಣಿಗೆ ಕಾಣದೆ ಹೋಗಬಹುದು, ಪಟ್ಟಿಯಲ್ಲಿ ಕಾಣುತ್ತಾಳೆ. ಗೋಲ್‌ಕೀಪರ್‌ಗಳ ಲೆಕ್ಕ ಮಾತ್ರ ಬೇರೆ ಇಡು.

ಕೆಡುವುದು ಪಟ್ಟಿ ಅಂಟಿಸುವಲ್ಲಿ. ಬರೀ ರ‍್ಯಾಂಕ್ ಹಾಕಿದರೆ 12ನೆಯವಳು ಮೂರನೇ ವಾರಕ್ಕೆ ಪ್ರಾಕ್ಟೀಸಿಗೆ ಬರುವುದಿಲ್ಲ. ಪಕ್ಕದ ಕಾಲಂನಲ್ಲಿ ಅವಳ ಹಿಂದಿನ ವಾರದ ಅಂಕವನ್ನೂ ಬರೆ. ಜೊತೆಗೆ ಡೊರಾನ್ಸ್ ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಬಿಡಲೇಬೇಡ: ಪ್ರತಿ ಆಟಗಾರ್ತಿಯೊಂದಿಗೆ ಕೂತು ಮಾತಾಡುವುದು. ಸೀಸನ್ನಿನ ಮೊದಲು, ನಡುವೆ, ಕೊನೆಗೆ. ಅಂಕಗಳನ್ನು ಮುಂದಿಟ್ಟುಕೊಂಡು, ನಿನ್ನ ಬಗ್ಗೆ ನೀನೇನು ಅಂದುಕೊಂಡಿದ್ದೀಯ ಎಂದು ಮೊದಲು ಅವಳನ್ನೇ ಕೇಳು. ಹತ್ತು ನಿಮಿಷ ಸಾಕು. ಪಟ್ಟಿ ಇದ್ದು ಈ ಮಾತುಕತೆ ಇಲ್ಲದಿದ್ದರೆ ಉಳಿಯುವುದು ಭಯ ಮಾತ್ರ. ಇಲ್ಲಿ ತಂಡದ ಮೌಲ್ಯಗಳ ಪಟ್ಟಿಯೊಂದೂ ಇದೆ. ಗೊಣಗಬಾರದು ಎಂಬುದು ಅದರಲ್ಲೊಂದು. ಅವನ್ನು ಬಾಯಿಪಾಠ ಮಾಡಬೇಕು, ಯಾರು ಎಷ್ಟು ಪಾಲಿಸಿದರು ಎಂದು ಗೆಳತಿಯರೇ ಅಂಕ ಕೊಡುತ್ತಾರೆ. ಇದನ್ನು ಮೊದಲ ವರ್ಷ ಮಾಡಬೇಡ. ಒಬ್ಬರನ್ನೊಬ್ಬರು ಇನ್ನೂ ನಂಬದ ತಂಡದಲ್ಲಿ ಇದು ಗುಂಪುಗಾರಿಕೆಗೆ ದಾರಿ.

ಈ ಮಾತುಕತೆಗೆ ಗಡಿಯೂ ಬೇಕು, ಅದನ್ನೂ ಡೊರಾನ್ಸ್ ಅವರ ಬದುಕೇ ಹೇಳುತ್ತದೆ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಅವರ ಮೇಲೆ ಮೊಕದ್ದಮೆ ಹೂಡಿದರು. ಅವರು ಆರೋಪವನ್ನು ಒಪ್ಪಲಿಲ್ಲ. ಒಂದು ಪ್ರಕರಣ 2004ರಲ್ಲಿ, ಇನ್ನೊಂದು 2008ರಲ್ಲಿ ರಾಜಿಯಾಯಿತು. ಆಟಗಾರ್ತಿಯರ ಖಾಸಗಿ ವಿಷಯದ ಮಾತುಗಳಲ್ಲಿ ತಾವು ಸೇರಿಕೊಂಡದ್ದಕ್ಕೆ ಅವರು ಲಿಖಿತವಾಗಿ ಕ್ಷಮೆ ಕೇಳಿದರು. ಅಷ್ಟು ದೊಡ್ಡ ಸಾಧನೆಯ ಜೊತೆಗೆ ಇದೂ ಇದೆ, ಬಿಟ್ಟು ಹೇಳುವುದು ಸರಿಯಲ್ಲ. ನೀನು ಹೆಂಗಸಾದರೂ ನಿಯಮ ಒಂದೇ ಇಟ್ಟುಕೋ: ಮಾತು ತೆರೆದ ಜಾಗದಲ್ಲಿ, ಮೈದಾನದ ಕಟ್ಟೆಯ ಮೇಲೆ, ಉಳಿದವರಿಗೆ ಕಾಣುವಂತೆ. ವಿಷಯ ಆಟ, ಓದು, ಆರೋಗ್ಯ. ಅವಳ ಗೆಳೆಯರು, ಮದುವೆಯ ಮಾತು, ಮೈತೂಕದ ಬಗ್ಗೆ ಟೀಕೆ, ಇವು ಬೇಡ. ಅವಳಾಗಿಯೇ ಕಷ್ಟ ಹೇಳಿಕೊಂಡರೆ ಕೇಳು, ಮಿಕ್ಕವರ ಮುಂದೆ ಎತ್ತಬೇಡ.

ಇನ್ನು ಆಟದ ರಚನೆ. ಇವರದು ಬಹುಕಾಲ 3-4-3: ಹಿಂದೆ ಮೂವರೇ, ಮುಂದೆ ಮೂವರು, ಚೆಂಡು ಕಳೆದ ಕ್ಷಣದಿಂದ ಎದುರಾಳಿಯ ಗೋಲಿನ ಹತ್ತಿರವೇ ಮುತ್ತಿಗೆ. ನೋಡಲು ಚೆಂದ, ನಕಲು ಮಾಡುವುದು ಅಪಾಯ. ಅದು ನಡೆಯುವುದು ಇಲ್ಲಿನ ಬದಲಿ ಆಟಗಾರ್ತಿಯರ ನಿಯಮದಿಂದ. ಕಾಲೇಜು ಸಾಕರ್‌ನಲ್ಲಿ (ಫುಟ್‌ಬಾಲಿಗೆ ಇಲ್ಲಿ ಸಾಕರ್ ಎನ್ನುತ್ತಾರೆ) ಹೊರಗೆ ಬಂದವಳು ದ್ವಿತೀಯಾರ್ಧದಲ್ಲಿ ಒಮ್ಮೆ ಮತ್ತೆ ಒಳಗೆ ಹೋಗಬಹುದು. ಹಾಗಾಗಿ ದಣಿದ ಮುಂಪಡೆಯನ್ನೇ ಒಟ್ಟಿಗೆ ಕೂರಿಸಿ ಹೊಸ ಕಾಲುಗಳನ್ನು ಇಳಿಸುತ್ತಾರೆ. ನಿಮ್ಮ ಟೂರ್ನಮೆಂಟಿನಲ್ಲಿ ಮರಳಿ ಪ್ರವೇಶ ಇದೆಯೇ ಎಂದು ಮೊದಲು ವಿಚಾರಿಸು. ಇಲ್ಲದಿದ್ದರೆ 60ನೇ ನಿಮಿಷಕ್ಕೆ ಮುತ್ತಿಗೆ ಸಡಿಲವಾಗಿ, ಮೂವರು ಡಿಫೆಂಡರ್‌ಗಳ ಎರಡೂ ಬದಿ ಖಾಲಿ ಬೀಳುತ್ತದೆ, ಒಂದೇ ಉದ್ದನೆಯ ಪಾಸು ಸಾಕು. 2022ರ ಫೈನಲ್‌ನಲ್ಲಿ ಇಷ್ಟೆಲ್ಲ ಇದ್ದ ಇವರೇ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿರುದ್ಧ 2–0 ಮುಂದಿದ್ದು, ಕೊನೆಯ ಸೆಕೆಂಡುಗಳಲ್ಲಿ ಸಮ ಮಾಡಿಸಿಕೊಂಡು, ಹೆಚ್ಚುವರಿ ಸಮಯದಲ್ಲಿ 3–2ರಿಂದ ಸೋತರು. ನಿನ್ನ ಹುಡುಗಿಯರಿಗೆ ಹಿಂದೆ ನಾಲ್ವರು ಇರಲಿ.

ದಮ್ಮಿನ ವಿಷಯ. ಇಲ್ಲಿ ಹೆಸರುವಾಸಿಯಾದ ಓಟ 120 ಗಜದ್ದು, ಅಂದರೆ ಸುಮಾರು 110 ಮೀಟರ್. 18 ಸೆಕೆಂಡಿನೊಳಗೆ ಓಡಿ, 30 ಸೆಕೆಂಡಿನಲ್ಲಿ ಜಾಗ್ ಮಾಡಿ ಹಿಂದೆ ಬಂದು, 30 ಸೆಕೆಂಡ್ ನಿಂತು ಮತ್ತೆ ಓಟ, ಹೀಗೆ ಹತ್ತು ಸಲ. ಹೊಸಬರಿಗೆ ಇದನ್ನು ಕೊಟ್ಟರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ. 22 ಸೆಕೆಂಡಿನ ಗುರಿಯಿಟ್ಟು ನಾಲ್ಕು ಓಟ ಕೊಡು, ವಾರಕ್ಕೊಂದು ಓಟ ಹೆಚ್ಚಿಸು, ಸಮಯವನ್ನು ಆಮೇಲೆ ಬಿಗಿ ಮಾಡು.

ಮಂಡಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಮಂಡಿಯೊಳಗಿನ ಎಸಿಎಲ್ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಅದೂ ಯಾರೂ ಮುಟ್ಟದೆ, ಹಾರಿ ಇಳಿಯುವಾಗ ಅಥವಾ ತಟ್ಟನೆ ತಿರುಗುವಾಗ. ಶಸ್ತ್ರಚಿಕಿತ್ಸೆಯಾದರೆ ಒಂಬತ್ತು ತಿಂಗಳಾದರೂ ಆಟವಿಲ್ಲ. ‘ಫಿಫಾ 11 ಪ್ಲಸ್’ ಎಂಬ ವಾರ್ಮ್‌ಅಪ್ ಇದನ್ನು ಕಡಿಮೆ ಮಾಡುತ್ತದೆ: ಎಂಟು ನಿಮಿಷ ಓಟ, ಹತ್ತು ನಿಮಿಷ ಬಲ ಮತ್ತು ಸಮತೋಲನ, ಎರಡು ನಿಮಿಷ ವೇಗದ ಓಟ. ವಾರಕ್ಕೆ ಎರಡು ಸಲವಾದರೂ ಬೇಕು. ಇಳಿಯುವಾಗ ಮಂಡಿಗಳು ಒಳಕ್ಕೆ ಬಾಗುತ್ತವೆಯೇ ಎಂದು ಎದುರಿಗೆ ನಿಂತು ನೋಡು. ಬಾಗಿದರೆ ಹಾರುವುದನ್ನು ನಿಲ್ಲಿಸಿ, ಮೊದಲು ಒಂದು ಕಾಲಿನ ಮೇಲೆ ನಿಲ್ಲುವುದನ್ನೂ ಮೆಲ್ಲಗೆ ಕುಕ್ಕರಗಾಲಿಗೆ ಇಳಿದು ಏಳುವುದನ್ನೂ ಅಭ್ಯಾಸ ಮಾಡಿಸು. ನಿಮ್ಮ ಮೈದಾನ ಬೇಸಿಗೆಯಲ್ಲಿ ಸಿಮೆಂಟಿನಂತೆ ಗಟ್ಟಿ, ಆಗ ಹಾರುವ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿಬಿಡು.

ಹೊತ್ತಿನ ಮಿತಿಯೂ ಇರಲಿ. ಇಲ್ಲಿ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕು ಗಂಟೆ ಮೀರುವಂತಿಲ್ಲ, ಒಂದು ದಿನ ಪೂರ್ತಿ ರಜೆ. ಬಸ್ಸಿಗೆ ಓಡುವ ನಿನ್ನ ಹುಡುಗಿಯರಿಗೆ ದಿನಕ್ಕೆ 75 ನಿಮಿಷ, ವಾರಕ್ಕೆ ನಾಲ್ಕು ದಿನ ಸಾಕು. 20 ನಿಮಿಷ ವಾರ್ಮ್‌ಅಪ್, 20 ನಿಮಿಷ ಒಬ್ಬಳಿಗೊಬ್ಬಳು, ಉಳಿದದ್ದು ಆಟ.

ಮುನ್ನೂರು ಪುಟದ ಗೆರೆಯ ನೋಟ್‌ಬುಕ್ ಒಂದು ತಗೋ. ಎಡಪುಟದಲ್ಲಿ ಅಂಕ, ಬಲಪುಟದಲ್ಲಿ ಮಾತುಕತೆಯ ಟಿಪ್ಪಣಿ ಬರೆ. ಅಂಕದ ಪುಟವನ್ನು ಮಾತ್ರ ನಕಲು ತೆಗೆದು ಗೋಡೆಗೆ ಹಾಕು, ಬಲಪುಟ ನಿನ್ನ ಹತ್ತಿರವೇ ಇರಲಿ. ಮೊದಲ 66 ಪಂದ್ಯ ಮುಗಿದ ಮೇಲೆ ಎಡಪುಟದ ಫೋಟೊ ಕಳಿಸು, ಮುಂದಿನ ತಿಂಗಳ ತಂಡಗಳನ್ನು ಇಬ್ಬರೂ ಕೂತು ಹಂಚೋಣ.

ಇಂತಿ ನಿನ್ನ ಪ್ರೀತಿಯ
ಅಕ್ಕ