ನಮ್ಮ ಊರನ್ನೂ ಬರೆದುಕೊಳ್ಳಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಮುಂದಿನ ಕೃಷಿ ಗಣತಿ ಬಂದಾಗ ನಮ್ಮ ಜಿಲ್ಲೆಯಲ್ಲಿ ಹಿಡುವಳಿಯ, ಅಂದರೆ ಒಬ್ಬೊಬ್ಬರ ಸಾಗುವಳಿ ಜಮೀನಿನ, ವಿವರದ ಜೊತೆಗೆ ಊರಿನ ಮಾಹಿತಿಯನ್ನೂ ಬರೆಸಿ. ಪ್ರತಿ ಊರಿಗೆ ಒಂದು ಫಾರಂ. ಅದನ್ನು ಗ್ರಾಮಸಭೆಯಲ್ಲಿ ಜನರ ಎದುರಿಗೇ ತುಂಬಿಸಿ. ನಾನು ಕೇಳುವುದು ಇಷ್ಟೇ. ಇದನ್ನೇ ಅರ್ಜಿಯಲ್ಲೂ ಬರೆದುಕೊಟ್ಟಿದ್ದೆ. ‘ಸೂಕ್ತ ಕ್ರಮಕ್ಕಾಗಿ ವರ್ಗಾಯಿಸಲಾಗಿದೆ’ ಎಂದು ಹಿಂಬರಹ ಬಂತು. ವರ್ಗಾಯಿಸಿಕೊಂಡ ಕಚೇರಿಯವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿದರು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಗಣತಿಯ ನಿಯಮ ತಮಗೆ ಗೊತ್ತಿರುವುದೇ. 1970-71ರಿಂದ ಹೆಚ್ಚು ಕಡಿಮೆ ಐದು ವರ್ಷಕ್ಕೊಮ್ಮೆ ನಡೆಯುತ್ತಾ ಬಂದಿದೆ. ಕಳೆದ ಸಲದ್ದು ಹನ್ನೊಂದನೆಯದು, 2021-22ರ ಲೆಕ್ಕ. ಜಮೀನು ಯಾರ ಹೆಸರಲ್ಲಿದೆ ಅನ್ನುವುದಕ್ಕಿಂತ ಅದರಲ್ಲಿ ಸಾಗುವಳಿ ಮಾಡುವವರು ಯಾರು ಅನ್ನುವುದು ಅಲ್ಲಿ ಮುಖ್ಯ. ನಿಯಮ ಹೀಗೆ. ನಮ್ಮ ಮನೆಯಲ್ಲಿ ನಡೆದದ್ದು ಕೇಳಿ.

ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗ ಬಂದ. ಪಾಪ, ಹೊರಗಿನವನು, ಜಿಗಣೆ ಕಚ್ಚಿ ಕಾಲೆಲ್ಲ ರಕ್ತ. ಕಾಫಿ ಕೊಟ್ಟೆವು. ಪಹಣಿಯಲ್ಲಿದ್ದ ಹೆಸರು ಓದಿದ. ನಮ್ಮ ದೊಡ್ಡಪ್ಪನದು. “ಇವರು ಯಾವ ವರ್ಗ ಸಾರ್?” ಅಂದ. ಅವರು ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ಸ್ವರ್ಗ ಅಂತ ಬರ್ಕೊಳ್ಳಪ್ಪ ಅಂದೆ. ಅವನು ನಗಲಿಲ್ಲ. ಆಮೇಲೆ ಬೆಳೆ ಕೇಳಿದ. ಗದ್ದೆಯಲ್ಲಿ ಏನೂ ಇಲ್ಲ, ಗದ್ದೆಯೇ ಇಲ್ಲ ಅಂದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಗದ್ದೆಯ ಮೇಲೆ ಬಂತು. ಈಗ ಅಲ್ಲಿ ಕಲ್ಲು, ಮಣ್ಣು, ಆಳೆತ್ತರದ ಲಂಟಾನ. ಬಾ ತೋರಿಸ್ತೀನಿ ಅಂತ ಎದ್ದೆ. “ಬೇಡ ಸಾರ್, ಇಲ್ಲಿ ಭತ್ತ ಅಂತಲೇ ಇದೆ” ಅಂದ. ಒತ್ತಿದ. ಹೊರಟ.

ಅಂದರೆ ಕಾಗದದಲ್ಲಿ ನಮ್ಮ ದೊಡ್ಡಪ್ಪ ಈಗಲೂ ವರ್ಷಾ ವರ್ಷಾ ಬಂಡೆಯ ಮೇಲೆ ಭತ್ತ ನಾಟಿ ಮಾಡುತ್ತಿದ್ದಾರೆ. ಇಂಥ ಶ್ರಮಜೀವಿಗೆ ಒಂದು ಪ್ರಶಸ್ತಿಯಾದರೂ ಕೊಡಿ ಸ್ವಾಮಿ.

ನಮ್ಮದೊಂದೇ ಕಥೆಯಲ್ಲ. ನಮ್ಮ ಕಡೆಯ ವಂಶಪಾರಂಪರ್ಯ ಜಮೀನಾದ ಜಮ್ಮಾ ಬಾಣೆಯ ಪಹಣಿಗಳಲ್ಲಿ ಎಷ್ಟು ಸತ್ತವರ ಹೆಸರಿದೆ ಎಂದು ತಮ್ಮ ಕಚೇರಿಗೇ ಗೊತ್ತು. ಅದು ಬೇರೆ ಗೋಳು, ಇಲ್ಲಿ ಬೇಡ.

ನಾನು ಹೇಳುವುದು ಊರಿನ ವಿಷಯ. ಒಬ್ಬೊಬ್ಬರ ಹಿಡುವಳಿ ಕೇಳುತ್ತಾ ಹೋದರೆ ಊರಿಗೆ ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಆನೆ ನನ್ನ ಸರ್ವೆ ನಂಬರ್ ನೋಡಿ ಬರುತ್ತದಾ? ಇಡೀ ಬಯಲಿಗೇ ಇಳಿಯುತ್ತದೆ. ಒಬ್ಬ ನಾಟಿ ಬಿಟ್ಟರೆ ಪಕ್ಕದವನ ಗದ್ದೆಯೂ ಪಾಳು, ಯಾಕೆಂದರೆ ಒಬ್ಬನೇ ರಾತ್ರಿ ಕಾವಲು ಕಾಯಲು ಆಗುವುದಿಲ್ಲ. ಫಾರಂನಲ್ಲಿ ‘ಪಾಳು’ ಅಂತ ಬರುತ್ತದೆ. ಯಾಕೆ ಪಾಳು ಅಂತ ಬರುವುದಿಲ್ಲ. ನೋಡಿದವರು ಕೊಡಗಿನವರು ಸೋಮಾರಿಗಳು ಅಂದುಕೊಳ್ಳಬೇಕು, ಅಷ್ಟೇ. ಕೊಯ್ಲಿಗೆ ಅಸ್ಸಾಂನಿಂದ ಬಂದವರು ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಎಷ್ಟು ಜನ ಇದ್ದಾರೆ, ಮಳೆಗಾಲದಲ್ಲಿ ಯಾವ ಸೇತುವೆ ಮುಳುಗುತ್ತದೆ, ಕಾಫಿ ಮಾರಲು ಎಷ್ಟು ದೂರ ಜೀಪು ಮಾಡಬೇಕು, ಕರೆಂಟು ಹೋದರೆ ಎಷ್ಟು ದಿನ ಬರುವುದಿಲ್ಲ, ಗುಡ್ಡದಲ್ಲಿ ಬಿರುಕು ಎಲ್ಲಿದೆ? ಇದನ್ನೆಲ್ಲ ಮನೆಮನೆಗೆ ಹೋಗಿ ಕೇಳಬೇಕಾಗಿಲ್ಲ. ಊರವರನ್ನು ಒಟ್ಟಿಗೆ ಕೂರಿಸಿ ಒಮ್ಮೆ ಕೇಳಿದರೆ ಅರ್ಧ ದಿನದ ಕೆಲಸ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ಗಣತಿ ನಡೆಯುವುದೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವಿಶ್ವ ಕೃಷಿ ಗಣತಿ ಕಾರ್ಯಕ್ರಮದ ಭಾಗವಾಗಿ. ಆ ಸಂಸ್ಥೆ 2010ರ ಸುತ್ತಿನ ಮಾರ್ಗಸೂಚಿಯಲ್ಲೇ ಗಣತಿಯ ಜೊತೆ ಊರಿನ ಮಟ್ಟದ ಮಾಹಿತಿಯನ್ನೂ ಸಂಗ್ರಹಿಸಬಹುದು ಎಂದಿದೆ. 2020ರ ಸುತ್ತಿನಲ್ಲೂ ಹೇಳಿದೆ. ರಸ್ತೆ, ಮಾರುಕಟ್ಟೆ, ರೈತ ಸಂಘಗಳು, ಊರಿಗೆ ಪ್ರಕೃತಿ ವಿಕೋಪದ ಭಯ ಇದೆಯಾ, ಇಂಥವು. ಕೊನೆಯದನ್ನು ಕೊಡಗಿನಲ್ಲಿ ಕೇಳದೆ ಇನ್ನೆಲ್ಲಿ ಕೇಳುತ್ತೀರಿ? ಗುಡ್ಡ ಕುಸಿದದ್ದನ್ನೇ ನೋಡಿ: 2018ರಲ್ಲಿ ಮಕ್ಕಂದೂರು, ಜೋಡುಪಾಲ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ.

ಜನಗಣತಿಯಲ್ಲಿ ಊರಿನ ಸೌಲಭ್ಯಗಳ ಪಟ್ಟಿ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇದೆ, 2011ರದ್ದು. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ. ಅದರಲ್ಲಿ ಆನೆಯೂ ಇಲ್ಲ, ಗುಡ್ಡವೂ ಇಲ್ಲ.

ಇನ್ನೊಂದು ಮಾತು. ಗಣತಿಯ ಎರಡನೇ ಹಂತದಲ್ಲಿ ಬೆಳೆ, ನೀರಾವರಿಯ ವಿವರ ತೆಗೆದುಕೊಳ್ಳುವುದು ಶೇ. 20ರಷ್ಟು ಮಾದರಿ ಹಳ್ಳಿಗಳಿಂದ. ಬೇರೆ ಕಡೆ ಸರಿ ಇರಬಹುದು. ಇಲ್ಲಿ ಒಂದು ಗುಡ್ಡದ ಈ ಕಡೆ ಇದ್ದಂತೆ ಆ ಕಡೆ ಇರುವುದಿಲ್ಲ, ಮಳೆಯೂ ಬೇರೆ, ಬೆಳೆಯೂ ಬೇರೆ. ಹಾಗಾಗಿ ಊರಿನ ಫಾರಂ ಎಲ್ಲ ಊರಿಗೂ ಬೇಕು.

ದಿಲ್ಲಿಯ ಫಾರಂ ಬದಲಿಸಲು ತಮಗೆ ಅಧಿಕಾರ ಇಲ್ಲ ಎನ್ನಬೇಡಿ. ಅದನ್ನು ಮುಟ್ಟುವುದೇ ಬೇಡ. ಜಿಲ್ಲೆಯಿಂದ ಒಂದು ಹಾಳೆ ಹೆಚ್ಚಿಗೆ ಕೊಡಿ. ಗ್ರಾಮಸಭೆಯಲ್ಲಿ ತುಂಬಿಸಿ. ತುಂಬಿದ್ದನ್ನು ಅಲ್ಲೇ ಗಟ್ಟಿಯಾಗಿ ಓದಿಸಿ. ತಪ್ಪಿದ್ದರೆ ನಾವು ಹೇಳುತ್ತೇವೆ. ಒಂದು ಪ್ರತಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿ. ಮುಂದಿನ ಗಣತಿಯ ಆದೇಶ ಬರುವ ಮೊದಲೇ ಇದನ್ನು ತೀರ್ಮಾನಿಸಿ, ಆಮೇಲೆ ‘ಸಮಯ ಇಲ್ಲ’ ಅನ್ನುವ ಹಿಂಬರಹ ಬರುವುದು ಬೇಡ.

ಗ್ರಾಮಸಭೆ ಇಡುವುದಾದರೆ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಇಡಿ. ಜನವರಿಯಲ್ಲಿ ಕರೆದರೆ ಒಬ್ಬರೂ ಬರುವುದಿಲ್ಲ.

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ