ಕತ್ತಲಲ್ಲಿ ಕುಣಿದರೆ ಕಾಣುವುದು ಯಾರಿಗೆ?

ಪ್ರಿಯ ಶ್ರೀಧರ,

ಕಳೆದ ಸಲ ತೋಟಕ್ಕೆ ಬಂದಿದ್ದಾಗ ತುಡುವೆ ಜೇನು ಸಾಕಿದ ಪೆಟ್ಟಿಗೆಯೊಳಕ್ಕೆ ಇಣುಕಿ, ‘ಇಷ್ಟು ಕತ್ತಲಲ್ಲಿ ಒಂದು ಹುಳ ಕುಣಿದರೆ ಉಳಿದವಕ್ಕೆ ಕಾಣುವುದಾದರೂ ಹೇಗೆ?’ ಎಂದು ಕೇಳಿದ್ದೆ. ನಾನು ಏನೋ ಹೇಳಿ ಜಾರಿಕೊಂಡಿದ್ದೆ. ಅವಕ್ಕೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ ಎಂಬುದೇ ಸರಿಯಾದ ಉತ್ತರ.

ಮೇವಿರುವ ಜಾಗ ಸೂರ್ಯನಿಂದ ಎಷ್ಟು ಓರೆಗಿದೆಯೋ, ಮೇಣದ ಎರಿಯ ಮೇಲೆ ನೆಟ್ಟಗಿನ ಗೆರೆಯಿಂದ ಅಷ್ಟೇ ಓರೆಯಾಗಿ ಜೇನ್ನೊಣ ಹೊಟ್ಟೆ ಅಲ್ಲಾಡಿಸುತ್ತ ಓಡುತ್ತದೆ; ಉಳಿದವಕ್ಕೆ ಮೇವಿನ ದಾರಿ ತಿಳಿಸುವ ಕುಣಿತ ಇದೇ. ದೂರ ಹೆಚ್ಚಿದಷ್ಟೂ ಓಟ ದೀರ್ಘವಾಗುತ್ತದೆ. 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಷ್ ಇದನ್ನು ಗಾಜಿನ ಗೂಡಿನಲ್ಲಿ ಕಣ್ಣಾರೆ ಕಂಡು ಬಿಡಿಸಿದವರು. ಆ ಓಟಕ್ಕೆ ದನಿಯೂ ಉಂಟೆಂಬುದನ್ನು 1960ರ ದಶಕದ ಮೊದಲ ವರ್ಷಗಳಲ್ಲಿ ಹೆರಾಲ್ಡ್ ಎಶ್ ಮತ್ತು ಏಡ್ರಿಯನ್ ವೆನ್ನರ್ ಬೇರೆಬೇರೆಯಾಗಿ ಕಂಡುಕೊಂಡರು. ಕುಣಿಯುವ ನೊಣ ಸೆಕೆಂಡಿಗೆ ಸುಮಾರು 250 ಸಲದಂತೆ ರೆಕ್ಕೆ ಅದುರಿಸಿ, ತುಣುಕು ತುಣುಕಾಗಿ ಝೇಂಕರಿಸುತ್ತದೆ. ಹಿಂಬಾಲಿಸುವ ನೊಣಗಳು ಕುಡಿಮೀಸೆಗಳನ್ನು ಅದರ ಮೈಗೆ ತಾಗುವಷ್ಟು ಹತ್ತಿರ ಚಾಚಿರುತ್ತವೆ. ಮೀಸೆಯ ಬುಡದ ಬಳಿಯಿರುವ ಜಾನ್‌ಸ್ಟನ್ ಅಂಗವು ರೆಕ್ಕೆ ಎಬ್ಬಿಸಿದ ಗಾಳಿಯ ಅಲುಗಾಟವನ್ನು ಹಿಡಿಯುತ್ತದೆ. ಬಯಲಿನಲ್ಲಿ ಎರಿ ಕಟ್ಟಿ ಹಗಲ ಬೆಳಕಿನಲ್ಲಿ ಕುಣಿಯುವ ಕೋಲುಜೇನಿಗೆ ಈ ದನಿಯೇ ಇಲ್ಲ, ಪೊಟರೆಯಲ್ಲಿ ಬಾಳುವ ತುಡುವೆಗೆ ಇದೆ. ನಿನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ.

ದನಿಯ ಜೊತೆಗೆ ವಿದ್ಯುತ್ತೂ ಇದರಲ್ಲಿ ಸೇರಿರಬಹುದೆಂಬ ಸಂಗತಿ ಈಚಿನದು. ಒಣಕೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ಹಾಗೆಯೇ ಹಾರಾಟದಲ್ಲಿ ಜೇನ್ನೊಣದ ಮೈ ಧನ ವಿದ್ಯುದಾವೇಶ ಪಡೆಯುತ್ತದೆ. ಈ ಮೈಯನ್ನು ಅದು ಕುಣಿಯುತ್ತ ಓಲಾಡಿಸಿದಾಗ ಸುತ್ತಲಿನ ವಿದ್ಯುತ್ ಕ್ಷೇತ್ರವೂ ಅದೇ ಲಯದಲ್ಲಿ ಏರಿಳಿದು ಪಕ್ಕದ ನೊಣದ ಕುಡಿಮೀಸೆಯನ್ನು ಅಲುಗಿಸಬಲ್ಲದು, ಅದೇ ಜಾನ್‌ಸ್ಟನ್ ಅಂಗ ಆ ಅಲುಗಾಟವನ್ನೂ ಗ್ರಹಿಸುತ್ತದೆ ಎಂದು 2013ರಲ್ಲಿ ಬರ್ಲಿನ್‌ನ ಊವೆ ಗ್ರೆಗರ್ಸ್ ಮತ್ತು ರಾಂಡಾಲ್ಫ್ ಮೆಂಟ್ಸೆಲ್ ಅವರ ತಂಡ ತೋರಿಸಿತು. ಅಂಥ ಕ್ಷೇತ್ರದ ಜೊತೆಜೊತೆಗೇ ಸಕ್ಕರೆನೀರು ಕೊಟ್ಟು ಪಳಗಿಸಿದಾಗ, ಮುಂದೆ ಬರೀ ಕ್ಷೇತ್ರಕ್ಕೇ ನೊಣಗಳು ನಾಲಗೆ ಚಾಚಿದವು. ಅವಕ್ಕೆ ಅದು ತಿಳಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಗೂಡಿನಲ್ಲಿ ದಾರಿ ಅರಿಯಲು ಅದನ್ನೇ ನೆಚ್ಚಿಕೊಂಡಿವೆ ಎಂದುಬಿಡುವುದು ಅವಸರವಾದೀತು.

ಈ ಮಾತುಕತೆಯಲ್ಲಿ ನಮ್ಮ ಕಿವಿಗೆ ಸುಲಭವಾಗಿ ದಕ್ಕುವುದು ಹೊಸ ರಾಣಿ ಪೀಪಿ ಊದಿದಂತೆ ಹೊರಡಿಸುವ ದನಿ. ಜೇನು ಕುಟುಂಬ ಪಾಲಾಗಿ ಒಂದು ಗೂಡು ಎರಡಾಗುವ ಕಾಲಕ್ಕೆ ಮತ್ತೆ ಬಾ. ಸಂಜೆ ಹಾರಾಟ ನಿಂತ ಮೇಲೆ ಪೆಟ್ಟಿಗೆಯ ಪಕ್ಕದ ಹಲಗೆಗೆ ಕಿವಿಯಾನಿಸಿ ಕೂರೋಣ.

ನಿನ್ನ,
ರಘು